ಬಿಟ್ಟವನ ಮರುದಿನ: ಒಂದು ಪತ್ತೇದಾರಿ ಕಾದಂಬರಿಯ ವಿಚಾರ



ವಚನಗಳ ವಿವರಣೆ, ಪುರಾಣ ಪ್ರವಚನಗಳ ಸಾರ, ಶಿವಾನುಭವ ಗೋಷ್ಠಿಗಳ ವರದಿ ಇವುಗಳನ್ನು ಓದಿ ರೂಢಿಯಾದ ತಮ್ಮ ಮುಂದೆ ಈ ಸಲ ಒಂದು ಕೊಲೆಯ ಕಾದಂಬರಿಯನ್ನು ಇಡುತ್ತಿದ್ದೇನೆ. ಅದೂ ನಮ್ಮ ನಾಡಿನದಲ್ಲ, ನ್ಯೂಯಾರ್ಕ್ ನಗರದ್ದು. ಅದರಲ್ಲಿ ಪಾನಗೃಹಗಳುಂಟು, ವೇಶ್ಯೆಯರುಂಟು, ರಕ್ತಪಾತವುಂಟು. "ಮಠದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ?" ಎಂದು ಹಿರಿಯರು ಹುಬ್ಬು ಗಂಟಿಕ್ಕಿದರೆ ಅದು ಸಹಜವೇ. ಆದರೆ ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದನೆಂಬುದನ್ನು ತಾವು ಮರೆತಿರಲಾರಿರಿ. ಹೆಂಡ ಮಾರುವುದು ಆತನ ಕಾಯಕವಾಗಿತ್ತು. ಕುಡಿಯಲು ಬಂದವರಿಗೆ ಆತನು ಕುಡಿತದ ಕೇಡನ್ನೇ ತಿಳಿಹೇಳುತ್ತಿದ್ದನೆಂದು ನಮ್ಮ ಸಂಪ್ರದಾಯ ಹೇಳುತ್ತದೆ. ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಆತನ ವಚನಗಳು ನಮಗೆ ಉಳಿದುಬಂದಿವೆ. ಹೆಂಡದ ಅಂಗಡಿಯಲ್ಲಿ ಅನುಭಾವದ ಮಾತು ಹುಟ್ಟಬಹುದಾದರೆ ಕೊಲೆಯ ಕಾದಂಬರಿಯಲ್ಲಿಯೂ ಒಂದು ಹಿತವಚನ ಹುಟ್ಟೀತು. ಹುಟ್ಟಿದೆಯೆ ಇಲ್ಲವೆ ಎಂಬುದನ್ನು ನೋಡೋಣ.

ನಾನು ಹೇಳಹೊರಟಿರುವ ಕೃತಿ ಅಮೆರಿಕದ ಲಾರೆನ್ಸ್ ಬ್ಲಾಕ್ ಎಂಬ ಲೇಖಕನು 1982ರಲ್ಲಿ ಪ್ರಕಟಿಸಿದ 'ಏಯ್ಟ್ ಮಿಲಿಯನ್ ವೇಸ್ ಟು ಡೈ'. 'ಸಾಯಲು ಎಂಬತ್ತು ಲಕ್ಷ ದಾರಿಗಳು' ಎಂದು ಇದನ್ನು ಕನ್ನಡಿಸಬಹುದು. ನ್ಯೂಯಾರ್ಕಿನ ಜನಸಂಖ್ಯೆ ಸುಮಾರು ಎಂಬತ್ತು ಲಕ್ಷ. ಅಷ್ಟು ಜನರಿಗೆ ಅಷ್ಟು ಬಗೆಯ ಸಾವು ಎಂಬ ನಿಟ್ಟುಸಿರು ಈ ಹೆಸರಿನಲ್ಲಿದೆ. ಎಂಬತ್ನಾಲ್ಕು ಲಕ್ಷ ಯೋನಿಗಳನ್ನು ದಾಟಿ ಮನುಷ್ಯಜನ್ಮ ಬಂದಿತೆಂದು ಕೇಳುತ್ತ ಬೆಳೆದ ನಮಗೆ ಈ ಲೆಕ್ಕವು ಬೇರೊಂದು ಬಗೆಯಲ್ಲಿ ತಟ್ಟುತ್ತದೆ. ನಾವು ಹುಟ್ಟುಗಳನ್ನು ಎಣಿಸಿದೆವು. ಆ ಮಹಾನಗರದ ಲೇಖಕನು ಸಾವುಗಳನ್ನು ಎಣಿಸಿದನು.

ಪತ್ತೇದಾರಿ ಕಥೆ ನಮ್ಮವರಿಗೆ ಹೊಸದಲ್ಲ. ಮಠದ ಉಚಿತ ಪ್ರಸಾದ ನಿಲಯಗಳಲ್ಲಿದ್ದು ಓದಿದ ನನ್ನ ಓರಗೆಯವರು ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದ್ದನ್ನು ಈಗಲಾದರೂ ಒಪ್ಪಿಕೊಳ್ಳಬೇಕು. ಪ್ರಾಥಮಿಕ ಶಾಲೆಯನ್ನೂ ಪೂರ್ತಿ ಮುಗಿಸದ ಆ ಲೇಖಕರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಕನ್ನಡದ ಸಾಮಾನ್ಯ ಜನರಿಗೆ ಓದುವ ಹವ್ಯಾಸ ಹಚ್ಚಿ, 2011ರಲ್ಲಿ ತೀರಿಕೊಂಡರು. ಅವರ ಪತ್ತೇದಾರ ಪುರುಷೋತ್ತಮನನ್ನು ಮರೆತವರುಂಟೆ? ಪುರುಷೋತ್ತಮನು ಹೆಸರಿಗೆ ತಕ್ಕಂತೆ ಉತ್ತಮ ಪುರುಷ. ಕೇಡು ಹೊರಗಿರುತ್ತದೆ, ನಾಯಕನು ಅದನ್ನು ಹುಡುಕಿ ಹಿಡಿಯುತ್ತಾನೆ. ನಾಯಕನೊಳಗೆ ಕೇಡಿಲ್ಲ. ಬಾಲ್ಯದಲ್ಲಿ ನಮಗೆ ಅಂಥ ನಾಯಕನೇ ಬೇಕಾಗಿದ್ದನು.

ಪಾಶ್ಚಾತ್ಯರ ಪತ್ತೇದಾರರು ಇಷ್ಟು ಶುದ್ಧರಲ್ಲ. 1890ರ ಕಾದಂಬರಿಯೊಂದರಲ್ಲಿಯೇ ಷರ್ಲಾಕ್ ಹೋಮ್ಸನು ಕೊಕೇನಿನ ಸೂಜಿ ಚುಚ್ಚಿಕೊಳ್ಳುತ್ತಾನೆ. 1930ರ ದಶಕದ ಅಮೆರಿಕನ್ ಪತ್ತೇದಾರನಿಗಂತೂ ಮೇಜಿನ ಸೆಳೆಖಾನೆಯಲ್ಲಿ ವಿಸ್ಕಿಯ ಶೀಶೆ ಇರಲೇಬೇಕು. ಆದರೆ ಆ ಕಥೆಗಳಲ್ಲಿ ಕುಡಿತವು ನಾಯಕನಿಗೊಂದು ಅಲಂಕಾರ. ರಾತ್ರಿಯೆಲ್ಲ ಕುಡಿದರೂ ಮುಂಜಾನೆ ಅವನ ಬುದ್ಧಿ ಚುರುಕು, ಗುರಿ ಅಚೂಕ. ಇದು ಸುಳ್ಳೆಂಬುದನ್ನು ಕುಡುಕನ ಮನೆಯಲ್ಲಿ ಒಂದು ರಾತ್ರಿ ಕಳೆದ ಯಾರಾದರೂ ಹೇಳಬಲ್ಲರು. ಬ್ಲಾಕನ ಹೆಚ್ಚುಗಾರಿಕೆ ಇಲ್ಲಿದೆ. ಆತನು ಶೀಶೆಯನ್ನು ಅಲಂಕಾರದ ಸ್ಥಾನದಿಂದ ಇಳಿಸಿ ಅದನ್ನೇ ವಿಚಾರಣೆಯ ಕಟಕಟೆಯಲ್ಲಿ ನಿಲ್ಲಿಸಿದನು.

ಇನ್ನು ಕಥಾನಾಯಕನ ಸಂಗತಿ. ಮ್ಯಾಥ್ಯೂ ಸ್ಕಡರ್ ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರನಾಗಿದ್ದವನು. ಒಂದು ರಾತ್ರಿ ಕೆಲಸದ ಹೊತ್ತು ಮುಗಿದು ಪಾನಗೃಹದಲ್ಲಿ ಕುಳಿತಿದ್ದಾಗ ಇಬ್ಬರು ದರೋಡೆಕೋರರು ಅಲ್ಲಿಗೆ ನುಗ್ಗಿ, ಹಣ ದೋಚಿ, ಅಂಗಡಿಯವನನ್ನು ಕೊಂದು ಓಡುತ್ತಾರೆ. ಸ್ಕಡರ್ ಬೆನ್ನಟ್ಟಿ ಗುಂಡು ಹಾರಿಸುತ್ತಾನೆ. ಒಂದು ಗುಂಡು ಗುರಿ ತಪ್ಪಿ ಸಿಡಿದು ಎಳೆಯ ಹುಡುಗಿಯೊಬ್ಬಳಿಗೆ ತಗಲುತ್ತದೆ, ಮಗು ಸಾಯುತ್ತದೆ. ಇಲಾಖೆಯು ಅವನನ್ನು ನಿರ್ದೋಷಿಯೆಂದಿತು, ಪ್ರಶಂಸೆಯನ್ನೂ ಕೊಟ್ಟಿತು. ಲೋಕವೆಲ್ಲ ಕ್ಷಮಿಸಿದರೂ ಅವನು ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ನೌಕರಿ ಬಿಟ್ಟನು, ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಬಿಟ್ಟನು, ಅಗ್ಗದ ಹೋಟೆಲಿನ ಕೋಣೆಯೊಂದನ್ನು ಹಿಡಿದು ಕುಡಿಯತೊಡಗಿದನು. ಪರವಾನಗಿಯಿಲ್ಲದ ಖಾಸಗಿ ಪತ್ತೇದಾರಿಕೆಯೇ ಅವನ ಜೀವನೋಪಾಯ. 1976ರಲ್ಲಿ ಆರಂಭವಾದ ಈ ಮಾಲೆಯ ಮೊದಲ ಕಾದಂಬರಿಗಳಲ್ಲಿ ಅವನು ಕುಡಿಯುತ್ತಲೇ ಇರುತ್ತಾನೆ. 1982ರ ಈ ಕೃತಿಯಲ್ಲಿ ಮಾತ್ರ ಬಿಡಲು ಹೆಣಗುತ್ತಾನೆ.

ಇವನ ಒಂದು ನಡತೆ ನಮ್ಮವರ ಲಕ್ಷ್ಯಕ್ಕೆ ಯೋಗ್ಯವಾದುದು. ದುಡಿದ ಹಣದಲ್ಲಿ ಹತ್ತನೆಯ ಒಂದು ಪಾಲನ್ನು ಎದುರಿಗೆ ಸಿಕ್ಕ ಯಾವುದೋ ಚರ್ಚಿನ ಪೆಟ್ಟಿಗೆಯಲ್ಲಿ ಹಾಕಿ ಬರುತ್ತಾನೆ. ದೇವರಲ್ಲಿ ಅವನಿಗೆ ನಂಬುಗೆ ಉಂಟೆಂದಲ್ಲ. ಏಕೆ ಕೊಡುತ್ತೇನೆಂಬುದು ಅವನಿಗೂ ಸ್ಪಷ್ಟವಿಲ್ಲ. ಇದನ್ನು ದಾಸೋಹವೆಂದು ಕರೆಯಲು ಬಾರದು. ದಾಸೋಹದಲ್ಲಿ ಕೊಡುವವನು ಹಗುರಾಗುತ್ತಾನೆ, ತಾನು ಕೊಟ್ಟೆನೆಂಬ ಎಣಿಕೆಯೂ ಅವನಲ್ಲಿ ಉಳಿಯುವುದಿಲ್ಲ. ಸ್ಕಡರನದು ದಂಡ ಕಟ್ಟಿದಂತೆ. ಸತ್ತ ಮಗುವಿನ ಲೆಕ್ಕಕ್ಕೆ ಕಂತು ಕಂತಾಗಿ ತುಂಬುತ್ತಾನೆ, ಸಾಲ ತೀರುವುದಿಲ್ಲ. ಗುರುವಿಲ್ಲದ, ಸಂಗವಿಲ್ಲದ ಪಶ್ಚಾತ್ತಾಪವು ಹೀಗೆಯೇ ಇರುತ್ತದೆಂಬುದನ್ನು ಲೇಖಕನು ಉಪದೇಶದ ಒಂದು ಮಾತೂ ಇಲ್ಲದೆ ತೋರಿಸಿದ್ದಾನೆ.

ಕಥೆಯ ಎಳೆ ಇಷ್ಟು. ವೇಶ್ಯಾವೃತ್ತಿಯಲ್ಲಿರುವ ಕಿಮ್ ಎಂಬ ತರುಣಿಗೆ ಆ ಬಾಳನ್ನು ಬಿಡುವ ಮನಸ್ಸಾಗುತ್ತದೆ. ತನ್ನ ತಲೆಹಿಡುಕನಾದ ಚಾನ್ಸ್ ಎಂಬವನಿಗೆ ಈ ಮಾತನ್ನು ಮುಟ್ಟಿಸಲು ಅವಳು ಸ್ಕಡರನ ನೆರವು ಕೇಳುತ್ತಾಳೆ. ಚಾನ್ಸನು ತಕರಾರಿಲ್ಲದೆ ಒಪ್ಪುತ್ತಾನೆ. ಆದರೂ ಕೆಲವೇ ದಿನಗಳಲ್ಲಿ ಅವಳ ಘೋರ ಹತ್ಯೆಯಾಗುತ್ತದೆ. ಎಲ್ಲರ ಸಂಶಯವೂ ಚಾನ್ಸನ ಮೇಲೆ. ಆಗ ಆ ಚಾನ್ಸನೇ ಬಂದು, ಕೊಂದವನನ್ನು ಹುಡುಕಿಕೊಡೆಂದು ಸ್ಕಡರನನ್ನು ನೇಮಿಸುತ್ತಾನೆ. ಬಿಡಬೇಕೆಂದವಳಿಗೆ ಬಿಡುಗಡೆ ಸಿಗಲಿಲ್ಲ. ಅವಳ ಸಾವನ್ನು ಹುಡುಕುವವನೂ ಬಿಡಬೇಕೆಂದು ಹೆಣಗುವವನೇ. ಈ ಎರಡೂ ಎಳೆಗಳನ್ನು ಲೇಖಕನು ಒಂದೇ ಹಗ್ಗವಾಗಿ ಹೊಸೆದಿದ್ದಾನೆ.

ಆದರೆ, ವಾಚಕರೆ, ಈ ಕಾದಂಬರಿಯ ನಿಜವಾದ ರಹಸ್ಯ ಕಿಮ್‌ಳನ್ನು ಕೊಂದವರಾರೆಂಬುದಲ್ಲ. ಸ್ಕಡರನು ದಿನವೂ ಒಂದು ಸಭೆಗೆ ಹೋಗುತ್ತಾನೆ. ಅದು 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ ಸಂಘದ ಸಭೆ. 1935ರಲ್ಲಿ ಅಮೆರಿಕದ ಅಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥನೂ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯನೂ ಕೂಡಿ ಇದನ್ನು ಹುಟ್ಟುಹಾಕಿದರು. ಇಬ್ಬರೂ ಕುಡಿದು ಕೆಟ್ಟವರೇ. ಒಬ್ಬ ಕುಡುಕನು ಇನ್ನೊಬ್ಬ ಕುಡುಕನೊಡನೆ ಮನಬಿಚ್ಚಿ ಮಾತಾಡಿದಾಗ ಕುಡಿಯದೆ ಇರಲು ಬಲ ಬರುತ್ತದೆಂಬುದೇ ಅವರು ಕಂಡುಕೊಂಡ ಸರಳ ಸತ್ಯ. 1939ರಲ್ಲಿ ಅವರ ಹನ್ನೆರಡು ಮೆಟ್ಟಿಲುಗಳ ಸಾಧನಾಕ್ರಮವು ಪುಸ್ತಕರೂಪದಲ್ಲಿ ಬಂದಿತು. ಸಭೆಯಲ್ಲಿ ಮನೆತನದ ಹೆಸರನ್ನು ಕೇಳುವುದಿಲ್ಲ, ಪದವಿ ಕೇಳುವುದಿಲ್ಲ, ಚಂದಾ ಕಡ್ಡಾಯವಿಲ್ಲ. ಚರ್ಚಿನ ನೆಲಮಾಳಿಗೆಯಂಥ ಒಂದು ಕೋಣೆ, ಕುರ್ಚಿಗಳು, ಕಾಫಿ, ಅಷ್ಟೇ. ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ತಾವು ಕುಡಿತಕ್ಕೆ ಸೋತವರೆಂದು ಒಪ್ಪಿ, ನಡೆದದ್ದನ್ನು ಹೇಳಿಕೊಳ್ಳುತ್ತಾರೆ.

ಸ್ಕಡರನು ಹೋಗುತ್ತಾನೆ, ಹಿಂದಿನ ಸಾಲಿನಲ್ಲಿ ಕೂರುತ್ತಾನೆ, ಕೇಳುತ್ತಾನೆ. ತನ್ನ ಸರದಿ ಬಂದಾಗ ಹೆಸರನ್ನಷ್ಟೇ ಹೇಳಿ, ಇಂದು ತಾನು ಮಾತಾಡುವುದಿಲ್ಲವೆಂದು ದಾಟಿಸಿಬಿಡುತ್ತಾನೆ. ಊರೆಲ್ಲರ ಗುಟ್ಟನ್ನು ಬಯಲಿಗೆಳೆಯಬಲ್ಲವನಿಗೆ ತನ್ನದೊಂದು ಸತ್ಯವನ್ನು ಹತ್ತು ಜನರೆದುರು ನುಡಿಯಲಾಗದು! ಅವನು ಆ ಒಂದು ಮಾತನ್ನು ಎಂದು ಆಡುತ್ತಾನೆ? ಆಡುತ್ತಾನೆಯೋ ಇಲ್ಲವೋ? ನಮ್ಮನ್ನು ಪುಟದಿಂದ ಪುಟಕ್ಕೆ ಎಳೆಯುವುದು ಈ ಪ್ರಶ್ನೆ. ಕೊಲೆಗಾರನ ಸುಳಿವಿಗಿಂತ ಇದರ ಸುಳಿವಿಗಾಗಿ ಮನಸ್ಸು ಕಾತರಿಸುವಂತೆ ಬರೆದುದೇ ಬ್ಲಾಕನ ಸಿದ್ಧಿ.

ಕಥೆಯ ನಡುವೆ ಅವನು ಜಾರುತ್ತಾನೆ. ಇಂತಿಷ್ಟೇ ಕುಡಿಯುತ್ತೇನೆಂದು ತನ್ನೊಡನೆ ತಾನೇ ಕರಾರು ಮಾಡಿಕೊಳ್ಳುತ್ತಾನೆ, ಕರಾರು ಮುರಿಯುತ್ತದೆ, ಆಸ್ಪತ್ರೆಯ ಹಾಸಿಗೆಯಲ್ಲಿ ಎಚ್ಚರವಾಗುತ್ತದೆ. ನಡುವಣ ಹೊತ್ತು ಏನಾಯಿತೆಂಬುದರ ನೆನಪೇ ಇಲ್ಲ. ಇಲ್ಲಿ ಒಂದು ವೈದ್ಯಕೀಯ ಸಂಗತಿಯನ್ನು ಸ್ಪಷ್ಟಪಡಿಸುವುದು ಲೇಸು. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೈನಡುಕ, ಸೆಳವು, ಭ್ರಾಂತಿ ತಲೆದೋರಬಹುದು. ಪ್ರಾಣಕ್ಕೂ ಅಪಾಯ ಉಂಟು. ಬಿಡುವುದಕ್ಕೆ ಮನಸ್ಸಿನ ಗಟ್ಟಿತನ ಬೇಕು, ಅದರ ಜೊತೆಗೆ ವೈದ್ಯನೂ ಬೇಕು. "ಗಂಡಸಾದರೆ ಇಂದೇ ಬಿಡು" ಎಂದು ಮೂದಲಿಸುವವರು ಇದನ್ನು ತಿಳಿದಿರಬೇಕು.

ಚೇತರಿಸಿಕೊಂಡ ಸ್ಕಡರನು ಮತ್ತೆ ಸಭೆಗೆ ಹೋಗುತ್ತಾನೆ. ಎಣಿಕೆಯನ್ನು ಮೊದಲನೆಯ ದಿನದಿಂದ ಪ್ರಾರಂಭಿಸುತ್ತಾನೆ. ಯಾರೂ "ಏಕೆ ಬಂದೆ?" ಎನ್ನುವುದಿಲ್ಲ. ಈ ಭಾಗವನ್ನು ಓದುತ್ತಿದ್ದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆನು. ಕಾರಣವನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮದು ಸಿಂಧನೂರು ಸೀಮೆಯ ಗೊರೇಬಾಳ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಹರಿದ ಮೇಲೆ ಜೋಳದ ನೆಲ ಭತ್ತದ ನೆಲವಾಯಿತು. ಸುಗ್ಗಿಯಲ್ಲಿ ಕೈಗೆ ರೊಕ್ಕ ಬಂದಿತು. ರೊಕ್ಕದ ಬೆನ್ನಿಗೆ ಸೆರೆಯೂ ಬಂದಿತು. ನನ್ನ ಓರಗೆಯ ಒಬ್ಬ ರೈತನು, ಒಳ್ಳೆಯ ಭಜನೆಯ ಕಂಠವಿದ್ದವನು, ಅದಕ್ಕೆ ಬಲಿಯಾದನು. ಒಂದು ಶ್ರಾವಣದಲ್ಲಿ ಸ್ವಾಮಿಗಳೊಬ್ಬರು ದುಶ್ಚಟಗಳ ಭಿಕ್ಷೆ ಬೇಡುತ್ತ ಊರಿಗೆ ಬಂದಾಗ ಆತನು ಮುಂದೆ ಬಂದು, ಇನ್ನು ಮುಟ್ಟುವುದಿಲ್ಲವೆಂದು ಎಲ್ಲರೆದುರು ಮಾತು ಕೊಟ್ಟನು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾಲ್ಕು ತಿಂಗಳು ಹಾಗೆಯೇ ನಡೆದನು. ಐದನೆಯ ತಿಂಗಳು ಬಿದ್ದನು. ಮರುವರ್ಷ ಜೋಳಿಗೆ ಮತ್ತೆ ಬಂದಾಗ ಆತನು ಊರಲ್ಲಿರಲಿಲ್ಲ. ಎರಡು ದಿನ ಹೊಲದ ಗುಡಿಸಲಲ್ಲಿಯೇ ಉಳಿದಿದ್ದನು. ಕೊಟ್ಟ ಮಾತನ್ನು ತಿಂದವನು ಯಾವ ಮುಖದಿಂದ ಎದುರು ನಿಲ್ಲಬೇಕು? ಗುಡಿಸಲು ಎಲ್ಲಿದೆಯೆಂಬುದು ನಮಗೆ ಗೊತ್ತಿತ್ತು. ಕರೆಯಲು ನಾನು ಹೋಗಲಿಲ್ಲ, ಬೇರೆಯವರೂ ಹೋಗಲಿಲ್ಲ. ಮಾತು ಕೊಡುವಾಗ ನೂರು ಜನ ಇದ್ದ ನಾವು, ಮಾತು ಮುರಿದಾಗ ಒಬ್ಬರೂ ಇರಲಿಲ್ಲ. ಆತನೀಗ ಇಲ್ಲ.

ಈ ಮಾತಿನಿಂದ ಜೋಳಿಗೆಯ ಮಹಿಮೆಯನ್ನು ಕುಗ್ಗಿಸುತ್ತಿದ್ದೇನೆಂದು ಯಾರೂ ಭಾವಿಸಬಾರದು. ಇಳಕಲ್ಲ ಚಿತ್ತರಗಿ ವಿಜಯಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಹೊರಟರು. ಕಾಳು ಕಡಿ ಬೇಡದೆ ಜನರ ವ್ಯಸನಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರು ಲಿಂಗೈಕ್ಯರಾದುದು 2018ರಲ್ಲಿ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರವು ವ್ಯಸನಮುಕ್ತ ದಿನವೆಂದು ಆಚರಣೆಗೆ ತಂದಿತು. ತಾನು ಹೊತ್ತ ಕೇಡನ್ನು ಇನ್ನೊಬ್ಬರ ಜೋಳಿಗೆಗೆ ಹಾಕಿ ಹಗುರಾಗುವ ಈ ಉಪಾಯವು ಸ್ಕಡರನ ನ್ಯೂಯಾರ್ಕಿಗೆ ತಿಳಿಯದು. ಅವನು ಪೆಟ್ಟಿಗೆಯಲ್ಲಿ ಹಣ ಹಾಕಬಲ್ಲ; ತನ್ನ ಕೇಡನ್ನು ಹಾಕಲು ಅಲ್ಲಿ ಜೋಳಿಗೆಯಿಲ್ಲ. ಆದರೆ ಜೋಳಿಗೆಗೆ ಹಾಕಿದ ಮರುದಿನ ಬೆಳಗಾಗುತ್ತದಲ್ಲವೆ? ಆ ಬೆಳಗನ್ನು, ಅದರ ಮಧ್ಯಾಹ್ನವನ್ನು, ಎಲ್ಲಕ್ಕಿಂತ ಕಠಿಣವಾದ ಅದರ ಸಂಜೆಯನ್ನು ಈ ಕಾದಂಬರಿ ಬಲ್ಲುದು. ಪ್ರತಿಜ್ಞೆಯು ಸ್ಥಾವರದಂತೆ ಒಮ್ಮೆ ನಿಲ್ಲಿಸಿಬಿಡುವ ಕಲ್ಲಲ್ಲ. ಅದು ಜಂಗಮದಂತೆ ದಿನವೂ ನಡೆಯಬೇಕಾದದ್ದು. ಸ್ಕಡರನ ಸಭೆಯವರು ಜೀವಮಾನದ ಮಾತನ್ನೇ ಆಡುವುದಿಲ್ಲ. ಇಂದು ಒಂದು ದಿನ ಕುಡಿಯುವುದಿಲ್ಲ ಎಂಬಷ್ಟೇ ಅವರ ಲೆಕ್ಕ.

ಬಿದ್ದೆನೆಂದು ಒಪ್ಪಿಕೊಳ್ಳುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಗೊರೇಬಾಳದವರಿಗೆ ಮಸ್ಕಿ ದೂರದ ಊರಲ್ಲ. ಅಲ್ಲಿಯ ಬಂಡೆಯ ಮೇಲೆ 1915ರಲ್ಲಿ ಗೋಚರವಾದ ಶಾಸನದಿಂದಲೇ ದೇವಾನಾಂಪ್ರಿಯನೆಂದರೆ ಅಶೋಕನೆಂಬುದು ವಿದ್ವಾಂಸರಿಗೆ ಖಚಿತವಾಯಿತೆಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಆದರೆ ಆ ಶಾಸನ ಏನು ಹೇಳುತ್ತದೆಂಬುದನ್ನು ಎಷ್ಟು ಜನ ಲಕ್ಷಿಸಿದ್ದೇವೆ? ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿತು, ಆದರೆ ಸಂಘದ ಬಳಿಗೆ ಹೋಗಿ ಶ್ರಮಿಸತೊಡಗಿ ಒಂದು ವರ್ಷಕ್ಕೆ ಸ್ವಲ್ಪ ಮೇಲಾಯಿತಷ್ಟೇ ಎಂಬ ಅಭಿಪ್ರಾಯ ಅಲ್ಲಿದೆ. ಚಕ್ರವರ್ತಿಯೊಬ್ಬನು ತನ್ನ ಮೊದಲಿನ ಸಡಿಲತನವನ್ನು ಕಲ್ಲಿನಲ್ಲಿ ಕೊರೆಯಿಸಿ ಊರೂರಿಗೆ ತಿಳಿಸಿದನು. ಧರ್ಮದಲ್ಲಿ ತೊಡಗಿದರೆ ದೊಡ್ಡವರಂತೆ ಸಣ್ಣವರೂ ಗುರಿ ಮುಟ್ಟಬಹುದೆಂದೂ ಸೇರಿಸಿದನು. ಅವನ ಪ್ರಯತ್ನಕ್ಕೂ ಬಲ ಬಂದುದು ಸಂಘದ ಬಳಿಗೆ ಹೋದ ಮೇಲೆಯೇ ಎಂಬುದನ್ನು ಗಮನಿಸಬೇಕು. ಒಂಟಿಯಾಗಿ ಬಿಡುವುದು ಕಷ್ಟ, ಸಂಗದಲ್ಲಿ ಸಾಧ್ಯ.

ಇಷ್ಟೆಲ್ಲ ಹೊಗಳಿದ ಮೇಲೆ ಕೃತಿಯ ಕುಂದುಗಳನ್ನು ಮುಚ್ಚಿಡುವುದು ವಿಮರ್ಶಕನ ಧರ್ಮವಲ್ಲ.

ಒಂದನೆಯದಾಗಿ, ಪತ್ತೇದಾರಿ ಕಥೆಯಾಗಿ ಇದು ಬಿಗಿಯಾದುದಲ್ಲ. ಕೊಂದವನು ಕಥೆಯ ಹೊರಗಿನಿಂದ ಬಂದಂತೆ ತೋರುತ್ತಾನೆ. ಸುಳಿವುಗಳನ್ನು ಕೂಡಿಸಿ ಓದುಗನು ತಾನೇ ಉತ್ತರ ಕಾಣುವ ಸುಖ ಇಲ್ಲಿಲ್ಲ. ಪುರುಷೋತ್ತಮನ ಅಭಿಮಾನಿಗಳು ನಿರಾಶರಾದಾರು.

ಎರಡನೆಯದಾಗಿ, ಹಿಂಸೆ. ರಾತ್ರಿ ಬೀದಿಯಲ್ಲಿ ತನ್ನನ್ನು ದೋಚಲು ಬಂದ ತರುಣನೊಬ್ಬನನ್ನು ಸ್ಕಡರನು ಹೊಡೆದು ಕೆಡವಿ, ಅವನು ಕೈಗೆ ಸಿಕ್ಕ ಮೇಲೂ ಅವನ ಕಾಲುಗಳನ್ನು ಮುರಿಯುತ್ತಾನೆ. ಕುಡಿತ ಬಿಟ್ಟ ಮಾತ್ರಕ್ಕೆ ಒಳಗಿನ ಕ್ರೌರ್ಯ ಬಿಡುವುದಿಲ್ಲವೆಂದು ಲೇಖಕನು ಸೂಚಿಸುತ್ತಿರಬಹುದು. ಅದು ನಿಜವೂ ಹೌದು. ಆದರೆ ನಮ್ಮ ಉರಿಲಿಂಗಪೆದ್ದಿಯ ಐತಿಹ್ಯವನ್ನು ನೆನೆಯಿರಿ. ಕಳವಿಗೆಂದು ಬಂದವನು ಗುರುವು ದೀಕ್ಷೆ ಕೊಡುವುದನ್ನು ಕಂಡು ಮನ ಕರಗಿ, ತಾನೂ ದೀಕ್ಷೆ ಪಡೆದು ಶರಣನಾದನು. ಸ್ಕಡರನ ನಗರದಲ್ಲಿ ಕಳ್ಳನಿಗೆ ಆ ಬಾಗಿಲು ತೆರೆದಿಲ್ಲ. ತನಗೆ ಎರಡನೆಯ ಅವಕಾಶ ಬೇಡುವವನು ಇನ್ನೊಬ್ಬನಿಗೆ ಅದನ್ನು ಕೊಡುವುದಿಲ್ಲ. ಕೃತಿಯು ಈ ವಿರೋಧವನ್ನು ಕಾಣಿಸಿದರೂ ಅದರ ಮುಂದೆ ನಿಲ್ಲದೆ ಸಾಗಿಬಿಡುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಕುಂದು. ಕುಡುಕನ ಹೆಂಡತಿ ಮಕ್ಕಳು ಇಲ್ಲಿ ದೂರವಾಣಿಯ ಆಚೆಯ ದನಿಗಳು ಮಾತ್ರ. ಕುಡಿತದ ನೋವನ್ನು ಕುಡುಕನ ಕಡೆಯಿಂದಲೇ ಕಂಡ ಕಥೆಯಿದು. ನಮ್ಮ ಭಾಗದಲ್ಲಿ ಈ ಕಥೆಯ ಇನ್ನರ್ಧವನ್ನು ಹೇಳಿದವರು ಹೆಣ್ಣುಮಕ್ಕಳು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತರೂ ಬೇರೆ ಮದ್ಯ ಹಳ್ಳಿ ಹಳ್ಳಿಗೆ ಹರಿಯಿತು. ಪೂರ್ಣ ಪಾನನಿಷೇಧಕ್ಕಾಗಿ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಣ್ಣುಮಕ್ಕಳು ಕಾಲ್ನಡಿಗೆಯಲ್ಲಿ ಹೋದರು. ನಮ್ಮ ರಾಯಚೂರು ಜಿಲ್ಲೆಯ ಕೂಲಿಕಾರ ತಾಯಂದಿರೂ ಅವರಲ್ಲಿದ್ದರು. ಬ್ಲಾಕನ ಕಾದಂಬರಿಯನ್ನು ಮುಚ್ಚಿಟ್ಟ ಮೇಲೆ ಆ ತಾಯಂದಿರ ಬಿರಿದ ಹಿಮ್ಮಡಿಗಳನ್ನೂ ನೆನೆಯದಿದ್ದರೆ ನಮ್ಮ ಓದು ಅಪೂರ್ಣ.

ಇಷ್ಟು ಕುಂದುಗಳಿದ್ದರೂ ಕೊನೆಯ ಪುಟಗಳು ಎಲ್ಲವನ್ನೂ ಮರೆಸುತ್ತವೆ. ಕೊಲೆಯ ಪತ್ತೆಯಾಗಿದೆ, ಗೆದ್ದವನ ಕೈ ಬರಿದಾಗಿದೆ. ಗೆಲುವಿನ ಈ ಹೊತ್ತೇ ಕುಡುಕನಿಗೆ ಅತ್ಯಂತ ಅಪಾಯದ್ದು. ಸ್ಕಡರನು ಪಾನಗೃಹಕ್ಕೆ ಹೋಗುತ್ತಾನೆ, ತರಿಸಿದ ಮದ್ಯವನ್ನು ಮುಟ್ಟದೆ ಎದ್ದು ಸಭೆಗೆ ನಡೆಯುತ್ತಾನೆ. ತನ್ನ ಸರದಿ ಬಂದಾಗ, ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಆ ಒಂದು ಮಾತನ್ನು ಆಡುತ್ತಾನೆ. ಆಡಿದೊಡನೆ ಅಳತೊಡಗುತ್ತಾನೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಅಪರಾಧಿಯನ್ನು ಹಿಡಿಯುವುದು ಪತ್ತೇದಾರಿ ಕಥೆಗಳ ಕೊನೆಯಾದರೆ, ಇಲ್ಲಿ ಪತ್ತೇದಾರನು ಹಿಡಿದು ತಂದದ್ದು ತನ್ನನ್ನೇ. ಇವನನ್ನು ಕುರಿತು ಬ್ಲಾಕನು ಮುಂದೆ ಹಲವು ಕಾದಂಬರಿಗಳನ್ನು ಬರೆದನು. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಸ್ಕಡರನು ಮದ್ಯವಿಲ್ಲದೆ ಬಾಳುತ್ತಾನೆ, ಆದರೆ ಸಭೆಗೆ ಹೋಗುವುದನ್ನು ಬಿಡುವುದಿಲ್ಲ. 2011ರ ಕೃತಿಯೊಂದು ಅವನು ಬಿಟ್ಟ ಮೊದಲ ವರ್ಷಕ್ಕೇ ಹಿಂದಿರುಗಿ ನೋಡುತ್ತದೆ.

ಎಳೆಯರ ಕೈಗೆ ಕೊಡುವ ಪುಸ್ತಕ ಇದಲ್ಲ. ಪ್ರಬುದ್ಧರು, ಅದರಲ್ಲಿಯೂ ವ್ಯಸನಮುಕ್ತಿಯ ಕಾರ್ಯದಲ್ಲಿ ತೊಡಗಿದ ಶಿಕ್ಷಕರೂ ಮಠದ ಹಳೆಯ ವಿದ್ಯಾರ್ಥಿಗಳೂ ಇದನ್ನು ಅವಶ್ಯವಾಗಿ ಓದಬೇಕು. ಓದಿ ಒಂದು ಕೆಲಸ ಮಾಡಬೇಕು. ಮುಂದಿನ ಶ್ರಾವಣದಲ್ಲಿ ತಮ್ಮೂರಿಗೆ ಜೋಳಿಗೆ ಬಂದಾಗ ಮಾತು ಕೊಟ್ಟವರ ಹೆಸರುಗಳ ಜೊತೆಗೆ, ಮರುದಿನ ಸಂಜೆ ಅವರ ಮನೆಗೆ ಹೋಗಿ ಕುಳಿತುಕೊಳ್ಳುವವರ ಹೆಸರುಗಳನ್ನೂ ಬರೆದಿಡಿರಿ. ಹಿಂದಿನ ವರ್ಷ ಮಾತು ಕೊಟ್ಟು, ಮುರಿದು, ಈಗ ಹೊಲದಲ್ಲಿ ಅಡಗಿದವರು ಯಾರಾದರೂ ಇದ್ದಾರೆಯೆ ಎಂದು ಮೊದಲು ವಿಚಾರಿಸಿರಿ. ಇದ್ದರೆ ಹೊತ್ತು ಮುಳುಗುವುದರೊಳಗೆ ಅಲ್ಲಿಗೆ ಹೋಗಿ ಕರೆಯಿರಿ.